ಒಂಬತ್ತನೇ ಪಿನ್ನಿನ ಕರ್ಮ

ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ ತನ್ನ ನಿಯಮಾವಳಿಯ ಹದಿನೈದನೇ ಭಾಗದಲ್ಲಿ, ರೇಡಿಯೋ ಅಲೆ ಹೊಮ್ಮಿಸುವ ಸಾಮಾನುಗಳನ್ನು ಮೂರು ಪಾಲು ಮಾಡಿದೆ. ಬೇಕೆಂದೇ ಹೊಮ್ಮಿಸುವವು ಮೊದಲನೆಯವು: ವೈಫೈ ಪೆಟ್ಟಿಗೆ, ಕಾರಿನ ರಿಮೋಟು. ತಮ್ಮ ಒಳಗಿನ ಕೆಲಸಕ್ಕೆಂದು ಅಲೆ ಹುಟ್ಟಿಸಿಕೊಂಡು, ಹೊರಗೆ ಬಿಡುವ ಮನಸ್ಸಿಲ್ಲದಿದ್ದರೂ ಸೋರಿಸಿಕೊಳ್ಳುವವು ಎರಡನೆಯವು: ಕಂಪ್ಯೂಟರು, ವಾಷಿಂಗ್ ಮೆಷಿನ್ನಿನ ಬೋರ್ಡು, ಹೊಟ್ಟೆಯಲ್ಲಿ ಒಂದು ಕ್ಲಾಕ್ ಬಡಿಯುವ ಸಕಲವೂ. ಅಲೆಯ ಗೊಡವೆಯೇ ಇಲ್ಲದೆ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತ ಕಿಡಿ ಹಾರಿಸುವವು ಮೂರನೆಯವು: ಬ್ರಷ್ ಇರುವ ಮೋಟರು, ಗೋಡೆಯ ಸ್ವಿಚ್ಚು. ಬೇಕೆಂದು, ಬೇಡವೆಂದರೂ, ಯೋಚನೆಯೇ ಇಲ್ಲದೆ. ಸಾಮಾನು ಯಾವುದು ಎನ್ನುವುದಕ್ಕಿಂತ ಅದನ್ನು ಮಾಡಿದವರ ಉದ್ದೇಶ ಏನಿತ್ತು ಎನ್ನುವುದನ್ನು ಹಿಡಿದು ಮಾಡಿದ ವಿಂಗಡಣೆ ಇದು.

ನಾನು ಈ ನಿಯಮಗಳ ನಡುವೆಯೇ ಅನ್ನ ದುಡಿಯುವವಳು. ಬೆಂಗಳೂರಿನ ಒಂದು ಪರೀಕ್ಷಾ ಲ್ಯಾಬಿನಲ್ಲಿ, ಮಾರುಕಟ್ಟೆಗೆ ಹೋಗುವ ಮೊದಲು ಎಲೆಕ್ಟ್ರಾನಿಕ್ ಸಾಮಾನುಗಳು ಎಷ್ಟು ಅಲೆ ಸೋರಿಸುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಒಳಗೆಲ್ಲ ಚೂಪು ಚೂಪಾದ ಫೋಮ್ ಗೋಪುರ ಅಂಟಿಸಿದ ಒಂದು ಚೇಂಬರಿದೆ; ಹೊರಗಿನ ಅಲೆ ಒಳಗೆ ಬರುವುದಿಲ್ಲ, ಒಳಗಿನದು ಗೋಡೆಗೆ ಬಡಿದು ತಿರುಗಿ ಬರುವುದಿಲ್ಲ. ನಡುವೆ ತಿರುಗುವ ಮೇಜು, ಅದರ ಮೇಲೆ ಪರೀಕ್ಷೆಗೆ ಬಂದ ಸಾಮಾನು, ಎದುರಿಗೆ ಒಂದರಿಂದ ನಾಲ್ಕು ಮೀಟರ್ ಎತ್ತರದವರೆಗೆ ಏರಿಳಿಯುವ ಆಂಟೆನಾ. ಸಾಮಾನು ಯಾವ ಮಗ್ಗುಲಿಗೆ, ಯಾವ ಎತ್ತರಕ್ಕೆ ಹೆಚ್ಚು ಸೋರಿಸುತ್ತದೋ ಅದನ್ನು ಹುಡುಕಿ ಹಿಡಿಯಬೇಕು. ಮನೆಬಳಕೆಯ ಸಾಮಾನಾದರೆ, 10 ಮೀಟರ್ ದೂರದಲ್ಲಿ 30ರಿಂದ 230 ಮೆಗಾಹರ್ಟ್ಸ್‌ವರೆಗೆ ಅಂತರರಾಷ್ಟ್ರೀಯ ಮಿತಿ 30 ಡೆಸಿಬೆಲ್. ಬಿಡಿಸಿ ಹೇಳಿದರೆ ಮೀಟರಿಗೆ ಸುಮಾರು 32 ಮೈಕ್ರೋವೋಲ್ಟು. ಅದಕ್ಕಿಂತ ಕೆಳಗಿದ್ದರೆ ಪಾಸು.

ಈ ಮೂರು ಪಾಲಿನ ಲೆಕ್ಕವನ್ನು ಮೊದಲು ಓದಿದಾಗ ನನಗೆ ಎಂಜಿನಿಯರಿಂಗ್ ಕಾಲೇಜು ನೆನಪಾಗಲಿಲ್ಲ, ಮೂಡುಬಿದಿರೆಯ ಪಾಠಶಾಲೆ ನೆನಪಾಯಿತು. ನಾವು ಅಲ್ಲಿಯ ಜೈನರು. 1430ರ ಸಾವಿರ ಕಂಬದ ಬಸದಿ ನಮಗೆ ಪ್ರವಾಸಿ ತಾಣವಾಗಿರಲಿಲ್ಲ, ಮಳೆ ಬಂದರೆ ಓಡಿ ನಿಲ್ಲುವ ಜಾಗವಾಗಿತ್ತು. ಪಾಠಶಾಲೆಯಲ್ಲಿ ಹಿಂಸೆಯ ನಾಲ್ಕು ಬಗೆಯನ್ನು ರಾಗವಾಗಿ ಹೇಳಿಸುತ್ತಿದ್ದರು: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಕೊಲ್ಲಬೇಕೆಂದೇ ಕೊಲ್ಲುವುದು, ಅಡುಗೆ, ಕಸ ಗುಡಿಸುವುದು ಮುಂತಾದ ಮನೆವಾರ್ತೆಯಲ್ಲಿ ಆಗಿಹೋಗುವುದು, ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವುದು, ತನ್ನನ್ನೋ ತನ್ನವರನ್ನೋ ಕಾಯಲು ಮಾಡಬೇಕಾಗುವುದು. ಗೃಹಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಬೇಕು. ವಾಷಿಂಗ್ಟನ್ನಿನ ಗುಮಾಸ್ತರಿಗೆ ಇದು ಗೊತ್ತಿರಲಿಲ್ಲ ಎನ್ನುವುದರಲ್ಲಿ ಅನುಮಾನವಿಲ್ಲ. ಆಗಮಗಳಲ್ಲಿ ರೇಡಿಯೋ ವಿದ್ಯೆಯೂ ಇತ್ತು ಎಂದು ಹೇಳಿಕೊಂಡು ತಿರುಗುವವರು ನಮ್ಮಲ್ಲಿ ಇದ್ದಾರೆ. ಅವರ ಸಹವಾಸ ನನಗೆ ಬೇಡ. ಆದರೆ ಉದ್ದೇಶವಿಲ್ಲದೆ ಮಾಡಿದ್ದಕ್ಕೆ ಎಷ್ಟು ಹೊಣೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಆ ಪ್ರಶ್ನೆಯನ್ನು ಎರಡೂವರೆ ಸಾವಿರ ವರ್ಷದಿಂದ ಬಿಡದೆ ಜಗ್ಗಾಡಿದವರ ಮಾತು ಕೇಳುವುದರಲ್ಲಿ ನಷ್ಟವೇನಿಲ್ಲ.

ಪ್ರಶ್ನೆ ನನಗೆ ಹೊಸದಾಗಿ ಚುಚ್ಚಿದ್ದು ತಮ್ಮನ ಮಗನಿಂದ. ಪಿಯುಸಿ ಹುಡುಗ, ಅವನ ಬಳಿ ಒಂದು ಆರ್ಡುಯಿನೋ ಊನೋ ಬೋರ್ಡು. ಅದರ ಮೇಲಿರುವ ಎಟಿಮೆಗಾ328ಪಿ ಎಂಬ ಮೈಕ್ರೋಕಂಟ್ರೋಲರಿಗೆ ರೇಡಿಯೋ ಎಂದರೆ ಏನೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಣಿಸುವುದು, ಪಿನ್ನನ್ನು ಸೊನ್ನೆಗೋ ಐದು ವೋಲ್ಟಿಗೋ ತರುವುದು, ಅಷ್ಟೆ. ಅದರ ಕ್ಲಾಕ್ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಬಡಿಯುತ್ತದೆ. ಒಳಗೊಂದು ಟೈಮರಿದೆ, ಇಷ್ಟು ಬಡಿತಕ್ಕೊಮ್ಮೆ ಒಂಬತ್ತನೇ ಪಿನ್ನನ್ನು ಮಗುಚು ಎಂದು ಅದಕ್ಕೆ ಹೇಳಿಡಬಹುದು. ಎಂಟು ಬಡಿತಕ್ಕೊಮ್ಮೆ ಮಗುಚಿದರೆ ಹದಿನಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಸುತ್ತು, 1000 ಕಿಲೋಹರ್ಟ್ಸ್. ಮೀಡಿಯಂ ವೇವ್ ಮುಳ್ಳು ಓಡಾಡುವ ಪಟ್ಟಿಯ ಹೆಚ್ಚುಕಡಿಮೆ ನಡುಮಧ್ಯ. ಮಂಗಳೂರು ಆಕಾಶವಾಣಿಯ 1089ಕ್ಕೆ ಸ್ವಲ್ಪ ಎಡಕ್ಕೆ.

ಹುಡುಗ ಆ ಪಿನ್ನಿಗೆ ಒಂದು ಮೊಳ ವೈರು ಸಿಕ್ಕಿಸಿ, ಆ ಬಡಿತವನ್ನು ಸೆಕೆಂಡಿಗೆ ಕೆಲವು ನೂರು ಸಲ ತಡೆದು ಬಿಡುವಂತೆ ಏಳೆಂಟು ಸಾಲು ಕೋಡ್ ಬರೆದ. ತಡೆದು ಬಿಡುವ ವೇಗವೇ ಸ್ವರ. ಪಕ್ಕದಲ್ಲಿದ್ದ ಹಳೆಯ ಟ್ರಾನ್ಸಿಸ್ಟರ್ ಸ ರಿ ಗ ಮ ಎಂದು ಕರ್ಕಶವಾಗಿ ಕಿರುಚಿತು.

“ಅತ್ತೆ, ಇದ್ರಲ್ಲಿ ಟ್ರಾನ್ಸ್‌ಮಿಟರೇ ಇಲ್ವಲ್ಲ! ಮತ್ತೆ ಕಳಿಸ್ತಿರೋದು ಯಾರು?”

“ನೀನೇ.”

“ನಾನು ಪಿನ್ನು ಆನ್ ಆಫ್ ಮಾಡ್ದೆ ಅಷ್ಟೆ.”

ತಾಂತ್ರಿಕವಾಗಿ ಹುಡುಗನ ಮಾತು ಸರಿ. ವಿದ್ಯುತ್ತು ವೈರಿನಲ್ಲಿ ವೇಗವಾಗಿ ಏರಿಳಿದರೆ ಸುತ್ತಲಿನ ಜಾಗದಲ್ಲಿ ವಿದ್ಯುತ್ಕಾಂತೀಯ ಏರಿಳಿತ ಹಬ್ಬುತ್ತದೆ. ಮ್ಯಾಕ್ಸ್‌ವೆಲ್ 1865ರಲ್ಲಿ ಗಣಿತದಲ್ಲಿ ತೋರಿಸಿದ್ದು, ಹರ್ಟ್ಸ್ 1887-88ರಲ್ಲಿ ಕಿಡಿ ಹಾರಿಸಿ ಕಂಡದ್ದು ಇದೇ. ಟ್ರಾನ್ಸ್‌ಮಿಟರ್ ಎನ್ನುವುದು ಪ್ರಕೃತಿಯಲ್ಲಿ ಬೇರೆ ಜಾತಿಯ ವಸ್ತುವಲ್ಲ. ಆ ಹಬ್ಬುವಿಕೆಯನ್ನು ಚೆನ್ನಾಗಿ ಆಗಗೊಡುವ ಸರ್ಕೀಟು. ಉಳಿದ ಸರ್ಕೀಟುಗಳು ಅದನ್ನು ಕೆಟ್ಟದಾಗಿ ಆಗಗೊಡುತ್ತವೆ, ಅಷ್ಟೇ ವ್ಯತ್ಯಾಸ. ಮೊಳ ವೈರಿನಿಂದ ಹೊರಟಿದ್ದನ್ನು ಪ್ರಸಾರ ಎಂದು ಕರೆಯುವುದೂ ಸ್ವಲ್ಪ ಅತಿಯೇ. 1000 ಕಿಲೋಹರ್ಟ್ಸ್ ಅಲೆಯ ಉದ್ದ 300 ಮೀಟರ್; ಅದಕ್ಕೆ ಒಂದು ಮೊಳ ಯಾವ ಲೆಕ್ಕ? ಮೇಜಿನ ಮೇಲಿನ ರೇಡಿಯೋ ಹಿಡಿದಿದ್ದು ದೂರ ಹೊರಟ ಅಲೆಯನ್ನಲ್ಲ, ವೈರಿನ ಸುತ್ತ ಕಟ್ಟಿಕೊಂಡ ಕ್ಷೇತ್ರವನ್ನು. ಪಕ್ಕದ ಕೋಣೆಗೆ ಹೋದರೆ ಸದ್ದು ಸತ್ತುಹೋಗುತ್ತಿತ್ತು. ಹಾಗೆಂದು ವೈರು ಉದ್ದ ಮಾಡಲು ನಾನು ಬಿಡಲಿಲ್ಲ. ಪರವಾನಗಿ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳಬಾರದೆಂದು ನಮ್ಮ ದೇಶದಲ್ಲಿ ಕಾಯಿದೆಯಾದದ್ದು 1933ರಲ್ಲಿ.

ಕಾಯಿದೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಆ ಬೋರ್ಡು ಹಿಂದಿನ ದಿನ ಗಿಡಕ್ಕೆ ನೀರು ಬಿಡುವ ಪಂಪನ್ನು ನೋಡಿಕೊಳ್ಳುತ್ತಿತ್ತು. ಆಗಲೂ ಅದರ ಕ್ಲಾಕ್ ಬಡಿಯುತ್ತಿತ್ತು, ಆಗಲೂ ಅದು ಸೋರಿಸುತ್ತಿತ್ತು. ಆಗ ಅದು ಎಫ್‌ಸಿಸಿಯ ಎರಡನೇ ಪಾಲು. ಏಳೆಂಟು ಸಾಲು ಬರೆದ ಕೂಡಲೇ ಮೊದಲನೇ ಪಾಲಿಗೆ ಜಿಗಿಯಿತು. ಒಂದು ಬೆಸುಗೆ ಬದಲಾಗಲಿಲ್ಲ, ಒಂದು ಕೆಪಾಸಿಟರ್ ಸೇರಲಿಲ್ಲ. ಹಾಗಾದರೆ ಆ ಪಾಲುಗಳಿದ್ದದ್ದು ಬೋರ್ಡಿನಲ್ಲೋ, ಹುಡುಗನ ತಲೆಯಲ್ಲೋ? ನನ್ನ ಚೇಂಬರಿನ ಆಂಟೆನಾಕ್ಕೆ ಉದ್ದೇಶ ಕಾಣುವುದಿಲ್ಲ. ಅದಕ್ಕೆ ಕಾಣುವುದು ಮೈಕ್ರೋವೋಲ್ಟು.

ಈ ಬಗೆಯ ಕಸರತ್ತು ಈಗ ಎಲ್ಲೆಲ್ಲಿಗೋ ಹೋಗಿದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಒಂದು ಕ್ಲಾಕ್ ಪಿನ್ನಿನಿಂದ ಎಫ್ಎಂ ಕೇಂದ್ರ ನಡೆಸುವ ಪ್ರೋಗ್ರಾಮು ಹತ್ತು ವರ್ಷಕ್ಕೂ ಹಳೆಯದು. ಕೆಲವೇ ರೂಪಾಯಿಯ, ರೇಡಿಯೋ ಭಾಗವೇ ಇಲ್ಲದ ಚಿಪ್ಪಿನಿಂದ ಲೋರಾ ಎಂಬ ರೇಡಿಯೋ ವಿಧಾನದ ಸಂದೇಶ ಕಳಿಸಿ ತೋರಿಸಿದವರಿದ್ದಾರೆ. ಇವೆಲ್ಲ ನಡೆಯುವುದು ಚೌಕ ಅಲೆಯ ಒಂದು ಗುಣದಿಂದ. ಥಟ್ಟನೆ ಏರಿ ಥಟ್ಟನೆ ಇಳಿಯುವ ಯಾವ ಬಡಿತವೂ ಒಂಟಿಯಾಗಿ ಹೊರಡುವುದಿಲ್ಲ. 1 ಮೆಗಾಹರ್ಟ್ಸ್ ಬಡಿದರೆ ಜೊತೆಗೆ 3, 5, 7, 9 ಎಂದು ಬೆಸಸಂಖ್ಯೆಯ ಸಾಲೇ ಹೊರಡುತ್ತದೆ. ಮೂರನೆಯದು ಮೂರರಲ್ಲೊಂದು ಬಲದ್ದು, ಐದನೆಯದು ಐದರಲ್ಲೊಂದು, ಹೀಗೆ ಕ್ಷೀಣಿಸುತ್ತ ಹೋಗುತ್ತದೆ, ಥಟ್ಟನೆ ನಿಲ್ಲುವುದಿಲ್ಲ. 100 ಮೆಗಾಹರ್ಟ್ಸ್‌ನಲ್ಲಿ ಹಾಡು ಕಳಿಸುತ್ತೇನೆ ಎಂದುಕೊಂಡವನು 300ರಲ್ಲೂ ಕಳಿಸುತ್ತಿದ್ದಾನೆ. ಅಲ್ಲಿ ಯಾರಿದ್ದಾರೆಂದು ಅವನು ನೋಡಿಲ್ಲ. ಎಫ್ಎಂ ಪಟ್ಟಿ ಮುಗಿಯುವ 108ರ ಗಡಿಗೆ ತಾಗಿಕೊಂಡೇ ವಿಮಾನಗಳ ಪಟ್ಟಿ ಶುರುವಾಗುತ್ತದೆ ಎನ್ನುವುದನ್ನೂ ನೋಡಿರುವುದಿಲ್ಲ.

ಹುಡುಗನ ಪ್ರಶ್ನೆಗೆ ಹಳೆಯ ಇಬ್ಬರು ಉತ್ತರಗಾರರಿದ್ದಾರೆ.

ಬೌದ್ಧರ ಮಜ್ಝಿಮ ನಿಕಾಯದಲ್ಲಿ ಉಪಾಲಿ ಎಂಬ ಗೃಹಸ್ಥನ ಕಥೆಯಿದೆ. ಅವನು ಮಹಾವೀರನ ಅನುಯಾಯಿ. ಮೈ, ಮಾತು, ಮನಸ್ಸು ಈ ಮೂರರಲ್ಲಿ ಯಾವುದರಿಂದ ಆಗುವ ಪಾಪ ಹೆಚ್ಚು ಭಾರದ್ದು ಎಂದು ನಾಲಂದೆಯಲ್ಲಿ ಬುದ್ಧನ ಜೊತೆ ವಾದಕ್ಕೆ ಹೋಗುತ್ತಾನೆ. ಮೈಯದೇ ಎಂದು ಅವನು, ಮನಸ್ಸಿನದು ಎಂದು ಬುದ್ಧ. ನಡೆಯುವಾಗ ಕಾಲಡಿ ಹುಳ ಸತ್ತರೆ ನಿಮ್ಮ ಗುರು ಏನೆನ್ನುತ್ತಾನೆ ಎಂದು ಬುದ್ಧ ಕೇಳುತ್ತಾನೆ. ಬೇಕೆಂದು ಮಾಡದಿದ್ದರೆ ಅಷ್ಟು ದೊಡ್ಡ ದೋಷವಲ್ಲ ಎನ್ನುತ್ತಾನೆ ಉಪಾಲಿ. ಬೇಕೆಂದರೆ? ದೊಡ್ಡದೇ. ಹಾಗಾದರೆ ಮನಸ್ಸೇ ದೊಡ್ಡದಾಯಿತಲ್ಲ ಎಂದು ಬುದ್ಧ ಅವನನ್ನು ಕಟ್ಟಿಹಾಕುತ್ತಾನೆ. ಉಪಾಲಿ ಸೋತು ಬೌದ್ಧನಾಗುತ್ತಾನೆ.

ಇತ್ತ ನಮ್ಮ ಕಡೆಯ ಸೂತ್ರಕೃತಾಂಗದಲ್ಲಿ ಆರ್ದ್ರಕ ಎಂಬವನು ಬೌದ್ಧನೊಬ್ಬನನ್ನು ಎದುರಿಸುತ್ತಾನೆ. ಅಲ್ಲಿ ಬೌದ್ಧನ ಬಾಯಲ್ಲಿ ಹೇಳಿಸುವ ಸಿದ್ಧಾಂತ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಸೋರೆಕಾಯಿಯನ್ನು ಮಗುವೆಂದು ತಿಳಿದು ಚುಚ್ಚಿ ಸುಟ್ಟವನು ಕೊಲೆಗಾರ. ಮಗುವನ್ನು ಸೋರೆಕಾಯಿ ಎಂದು ತಿಳಿದು ಚುಚ್ಚಿ ಸುಟ್ಟವನಿಗೆ ಕೊಲೆಯ ದೋಷವಿಲ್ಲ. ಆರ್ದ್ರಕ ಸಹಜವಾಗಿಯೇ ಕೆರಳುತ್ತಾನೆ, ಗೆಲ್ಲುತ್ತಾನೆ. ಎರಡೂ ಪಕ್ಷದವರು ಎದುರಾಳಿಯ ಸೋಲನ್ನು ತಮ್ಮ ತಮ್ಮ ಪುಸ್ತಕದಲ್ಲೇ ಬರೆದುಕೊಂಡಿದ್ದಾರೆ, ತೀರ್ಪುಗಾರನಿಗೆ ಕೆಲಸವಿಲ್ಲ.

ಬೌದ್ಧ ಪಕ್ಷ ಹಿಡಿದರೆ ಹುಡುಗನ ಬೋರ್ಡು ನಿನ್ನೆ ನಿರಪರಾಧಿ, ಇವತ್ತು ಅಪರಾಧಿ. ಎಫ್‌ಸಿಸಿಯದೂ ಹೆಚ್ಚುಕಡಿಮೆ ಅದೇ ದಾರಿ. ಕ್ರಿಯೆಯೇ ಮುಖ್ಯ ಎಂಬ ಉಪಾಲಿಯ ಮೊದಲಿನ ಹಟ ಹಿಡಿದರೆ ನಿನ್ನೆಯೂ ಅಪರಾಧಿ, ಇವತ್ತೂ ಅಪರಾಧಿ, ಜಗತ್ತಿನ ಎಲ್ಲ ಮೊಬೈಲ್ ಚಾರ್ಜರೂ ಅಪರಾಧಿ. ಮೊದಲನೆಯದು ತೀರ ಸಲೀಸು. ಎರಡನೆಯದು ಹಿಡಿದು ಯಾರೂ ಬದುಕಲಾರರು, ನನ್ನ ಲ್ಯಾಬಂತೂ ಬಾಗಿಲು ಹಾಕಬೇಕು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯದಲ್ಲಿ ಹಿಂಸೆಗೆ ಲಕ್ಷಣ ಕೊಡುವಾಗ ಈ ಇಕ್ಕಟ್ಟಿನಿಂದ ಪಾರಾಗಿದ್ದಾರೆ. ಪ್ರಾಣಕ್ಕೆ ಕೇಡಾದದ್ದಷ್ಟೇ ಸಾಲದು ಅವರಿಗೆ, ಕೇಡಿನ ಉದ್ದೇಶವೂ ಬೇಕಿಲ್ಲ. ಅವರು ಮುಂದಿಡುವ ಷರತ್ತು ಪ್ರಮಾದ, ಎಂದರೆ ಎಚ್ಚರಗೇಡಿತನ. ಇದಕ್ಕೆ ಸರ್ವಾರ್ಥಸಿದ್ಧಿ ಎಂಬ ಟೀಕೆ ಬರೆದ ಪೂಜ್ಯಪಾದರು ನಮ್ಮ ಕನ್ನಡ ನೆಲದವರು, ಗಂಗರ ಕಾಲದ ಹೆಸರು. ನೆಲ ನೋಡಿಕೊಂಡು ಎಚ್ಚರದಿಂದ ಹೆಜ್ಜೆ ಎತ್ತಿಟ್ಟ ಮುನಿಯ ಕಾಲಡಿಗೆ ಕಿರುಜೀವಿಯೊಂದು ಬಂದು ಬಿದ್ದು ಸತ್ತರೆ ಅವನಿಗೆ ಅದರ ಬಂಧವಿಲ್ಲ ಎಂಬ ಹಳೆಯ ಗಾಹೆಯನ್ನು ಅವರು ಎತ್ತಿಕೊಡುತ್ತಾರೆ. ಕುಂದಕುಂದರು ಪ್ರವಚನಸಾರದಲ್ಲಿ ಇದರ ಇನ್ನೊಂದು ಮಗ್ಗುಲನ್ನೂ ತೋರಿಸಿದ್ದಾರೆ: ಎಚ್ಚರವಿಲ್ಲದೆ ನಡೆದವನು, ಕಾಲಡಿ ಯಾವ ಜೀವವೂ ಸಾಯದಿದ್ದರೂ, ಹಿಂಸಕನೇ.

ಈ ಕೊನೆಯ ಮಾತು ಕಠಿಣ. ಆದರೆ ಪರೀಕ್ಷಾ ಲ್ಯಾಬಿನಲ್ಲಿ ಕೂತವಳಿಗೆ ಇದಕ್ಕಿಂತ ಸಹಜವಾದ ಮಾತು ಬೇರೊಂದಿಲ್ಲ. ನನ್ನ ಮುಂದೆ ಬರುವ ಬೋರ್ಡು ಇನ್ನೂ ಯಾರ ರೇಡಿಯೋವನ್ನೂ ಕೆಡಿಸಿರುವುದಿಲ್ಲ, ಯಾವ ವಿಮಾನದ ಮಾತನ್ನೂ ಕತ್ತರಿಸಿರುವುದಿಲ್ಲ. ಆದರೂ ಅದು ಫೇಲಾಗಬಹುದು. ಕ್ಲಾಕ್ ಗೆರೆಯ ಕೆಳಗೆ ಗ್ರೌಂಡನ್ನು ಸೀಳಿ ಬಿಟ್ಟಿದ್ದಾರೆ. ಚಿಪ್ಪಿನ ಕಾಲಿಗೆ ಒತ್ತಿಕೊಂಡು ಇರಬೇಕಾದ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಜಾಗ ಸಿಕ್ಕ ಕಡೆ ಕೂರಿಸಿದ್ದಾರೆ; ಹೊರಗೆ ಹೋಗುವ ಕೇಬಲ್ಲಿಗೆ ಫೆರೈಟ್ ಹಾಕಲು ಎರಡು ರೂಪಾಯಿಗೆ ಜಿಪುಣತನ ಮಾಡಿದ್ದಾರೆ. ಇವರಲ್ಲಿ ಯಾರೂ ದುಷ್ಟರಲ್ಲ. ಕೇಳಿದರೆ, ನಾವು ಮಾಡಿರುವುದು ನೀರಿನ ಫಿಲ್ಟರು ಮೇಡಂ, ರೇಡಿಯೋ ಅಲ್ಲ ಎನ್ನುತ್ತಾರೆ. ಸೋರೆಕಾಯಿ ಎಂದುಕೊಂಡಿದ್ದೆ ಎಂದ ಹಾಗೆ.

ಅಲೆಯಿಂದ ಯಾವ ಪ್ರಾಣ ಹೋಗುತ್ತದೆ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ಪ್ರಾಣಗಳು ಹತ್ತು: ಐದು ಇಂದ್ರಿಯ, ಮನ ವಚನ ಕಾಯಗಳ ಮೂರು ಬಲ, ಉಸಿರು, ಆಯುಸ್ಸು. ಕೇಳುವ ಶಕ್ತಿಯೂ ಒಂದು ಪ್ರಾಣ, ನುಡಿಯುವ ಬಲವೂ ಒಂದು. ಒಬ್ಬರ ಮಾತಿಗೂ ಇನ್ನೊಬ್ಬರ ಕಿವಿಗೂ ನಡುವೆ ಗದ್ದಲ ತುಂಬುವುದನ್ನು ಈ ಲೆಕ್ಕದೊಳಗೆ ತರುವುದು ಸ್ವಲ್ಪ ಎಳೆದಂತಾಗುತ್ತದೆ, ಒಪ್ಪುತ್ತೇನೆ. ಪಂಡಿತರು ಒಪ್ಪಲಿಕ್ಕಿಲ್ಲ. ಆದರೆ ಗೌರಿಬಿದನೂರಿನ ಬಳಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ತೆಗೆದ ಆ ಟಿ ಆಕಾರದ ಆಂಟೆನಾ ಸಾಲನ್ನು ನೋಡಿದವರಿಗೆ ಕೇಳುವುದಕ್ಕೆ ಎಷ್ಟು ನಿಶ್ಶಬ್ದ ಬೇಕು ಎಂಬುದು ತಿಳಿದೀತು. ಅಲ್ಲಿ ಅಳೆಯುವ ಮಾನ ಜಾನ್ಸ್‌ಕಿ: ಒಂದು ವಾಟ್ ಎಂದು ಬರೆದು, ಅದನ್ನು ಒಂದರ ಮುಂದೆ ಇಪ್ಪತ್ತಾರು ಸೊನ್ನೆಯಿಂದ ಭಾಗಿಸಿದರೆ ಚದರ ಮೀಟರಿಗೆ, ಹರ್ಟ್ಸಿಗೆ ಬರುವಷ್ಟು. ನನ್ನ ಮಿತಿಯ 32 ಮೈಕ್ರೋವೋಲ್ಟು ಅವರ ಪಾಲಿಗೆ ಸಿಡಿಲು.

ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದ ಕಥೆ ಪ್ರಮಾದಕ್ಕೆ ಉದಾಹರಣೆಯಾಗಿ ಯಾವ ಟೀಕಾಕಾರನಿಗೂ ಬೇಕಾಗಿದ್ದೀತು. 1998ರಿಂದ ಅಲ್ಲಿ ಆಗೊಮ್ಮೆ ಈಗೊಮ್ಮೆ ವಿಚಿತ್ರ ಸಂಕೇತಗಳು ಸಿಗುತ್ತಿದ್ದವು. ಆಕಾಶದ ಆಳದಿಂದ ಬಂದವೆಂದು ಭ್ರಮೆ ಹುಟ್ಟಿಸುವಂಥವು, ಆದರೆ ಭೂಮಿಯದೇ ಎಂಬ ಅನುಮಾನವೂ ಇತ್ತು. 2015ರಲ್ಲಿ ಮೂಲ ಸಿಕ್ಕಿತು: ಅಲ್ಲಿಯ ಮೈಕ್ರೋವೇವ್ ಒಲೆ. ಒಲೆಯ ದೋಷವಲ್ಲ. ಊಟದ ಆತುರಕ್ಕೆ, ಅದು ತಾನಾಗಿ ನಿಲ್ಲುವ ಮೊದಲೇ ಯಾರೋ ಬಾಗಿಲು ಎಳೆದಾಗ, ಆರುತ್ತಿರುವ ಮ್ಯಾಗ್ನೆಟ್ರಾನ್ ಒಂದು ಗುಟುಕು ಅಲೆ ಹೊರಗೆ ಚೆಲ್ಲುತ್ತಿತ್ತು. ಬಾಗಿಲು ಎಳೆದವರು ಖಗೋಳವಿಜ್ಞಾನಕ್ಕೆ ಹಗೆಯೇನಲ್ಲ. ಬಹುಶಃ ಅವರೇ ಖಗೋಳವಿಜ್ಞಾನಿಗಳು.

ನಮ್ಮ ಅಜ್ಜಿ ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು. ಬಾವಿಯ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ತಿರುವಿ ಅದೇ ಬಾವಿಗೆ ಮೆಲ್ಲಗೆ ಇಳಿಸುವವರು. ಬೇರೆ ಬಾವಿಗೆ ಅಲ್ಲ, ಅದರ ಮನೆ ಅದೇ. ರಾತ್ರಿ ಊಟ ಯಾಕೆ ಬೇಡ ಎಂದರೆ ಕತ್ತಲಲ್ಲಿ ಅನ್ನದಲ್ಲಿ ಹುಳ ಕಾಣುವುದಿಲ್ಲ ಎಂಬ ಉತ್ತರ ಎಲ್ಲರೂ ಕೊಡುತ್ತಾರೆ. ಅಜ್ಜಿ ಇನ್ನೊಂದು ಮಾತು ಸೇರಿಸುತ್ತಿದ್ದರು: “ದೀಪ ಹಚ್ಚಿಕೊಂಡು ಉಣ್ಣಬಹುದಲ್ಲ ಅಂತೀಯ. ದೀಪ ನಿನಗಾಗಿ ಹಚ್ಚಿದ್ದು ಅಂತ ಪತಂಗಕ್ಕೆ ಯಾರು ಹೇಳ್ತಾರೆ?” ದೀಪ ಬೇರೆಯಲ್ಲ, ಪಿನ್ನು ಬೇರೆಯಲ್ಲ. ಬೆಳಕೂ ಅದೇ ವಿದ್ಯುತ್ಕಾಂತೀಯ ಅಲೆ, ಉದ್ದ ಮಾತ್ರ ಕಿರಿದು. ದೀಪಕ್ಕೂ ಉದ್ದೇಶ ಒಂದು, ಹಬ್ಬುವುದು ಎಲ್ಲ ದಿಕ್ಕಿಗೆ. ವಿಳಾಸ ಬರೆದು ಕಳಿಸಲು ಬರುವುದಿಲ್ಲ.

ಅಜ್ಜಿಯ ವಾದಕ್ಕೆ ನನ್ನ ಆಕ್ಷೇಪ ಒಂದಿತ್ತು, ಈಗಲೂ ಇದೆ. ಹೊಮ್ಮುವುದೆಲ್ಲ ಕೇಡೇ ಯಾಕಾಗಬೇಕು? 1964ರಲ್ಲಿ ಐಸ್‌ಲ್ಯಾಂಡಿಗೆ ಐಬಿಎಂ 1401 ಎಂಬ ಕಂಪ್ಯೂಟರ್ ಬಂತು. ಅದರ ನಿರ್ವಹಣೆಯ ಎಂಜಿನಿಯರ್ ಯೋಹಾನ್ ಗುನ್ನಾರ್ಸನ್. ಆ ಯಂತ್ರದ ನೆನಪುಕೋಶ ಕೆಲಸ ಮಾಡುವಾಗ ಸೋರುವ ಅಲೆಗಳು ಹತ್ತಿರದ ರೇಡಿಯೋದಲ್ಲಿ ಕೇಳುತ್ತವೆ ಎಂದು ಕಂಡುಕೊಂಡು, ಯಾವ ಆಜ್ಞೆಗೆ ಯಾವ ಸ್ವರ ಬರುತ್ತದೆ ಎಂದು ಕಲಿತು, ರಾಗಗಳನ್ನು ನುಡಿಸುವಂತೆ ಅದಕ್ಕೆ ಪ್ರೋಗ್ರಾಮು ಬರೆದ. 1971ರಲ್ಲಿ ಯಂತ್ರವನ್ನು ಕೆಲಸದಿಂದ ಇಳಿಸುವಾಗ ಅದಕ್ಕೊಂದು ಬೀಳ್ಕೊಡುಗೆ ನಡೆಯಿತು, ಅದರ ಸಂಗೀತವನ್ನು ಟೇಪಿನಲ್ಲಿ ಹಿಡಿದಿಟ್ಟರು. ಆ ಟೇಪಿನ ಮೇಲೆ ಅವನ ಮಗ, ಸಂಗೀತ ಸಂಯೋಜಕ ಯೋಹಾನ್ ಯೋಹಾನ್ಸನ್, ವಾದ್ಯವೃಂದ ಕೂರಿಸಿ 2006ರಲ್ಲಿ ಒಂದು ಆಲ್ಬಂ ತಂದ. ಅಮೆರಿಕದಲ್ಲೂ ಇಂಥದ್ದೇ ಆಗಿತ್ತು. 1975ರಲ್ಲಿ ಸ್ಟೀವ್ ಡಾಂಪಿಯರ್ ಎಂಬ ಹವ್ಯಾಸಿ ತನ್ನ ಆಲ್ಟೇರ್ 8800 ಕಂಪ್ಯೂಟರಿನ ಸೋರಿಕೆಯಿಂದಲೇ ಪಕ್ಕದ ರೇಡಿಯೋದಲ್ಲಿ ಹಾಡು ಕೇಳಿಸಿ ತನ್ನ ಕೂಟದವರನ್ನು ಬೆರಗುಗೊಳಿಸಿದ. ಆಲ್ಟೇರಿಗೆ ಆಗ ಪರದೆಯಿರಲಿಲ್ಲ, ಕೀಲಿಮಣೆಯಿರಲಿಲ್ಲ, ಸ್ಪೀಕರಂತೂ ಇಲ್ಲವೇ ಇಲ್ಲ.

ಈ ಎರಡು ಪ್ರಸಂಗ ನನಗೆ ಬರೀ ರಂಜನೆಯಾಗಿ ಕಾಣುವುದಿಲ್ಲ. ಉದ್ದೇಶವಿಲ್ಲದೆ ಆದ ಕೇಡಿಗೆ ನಾನು ಹೊಣೆ ಎಂದರೆ, ಉದ್ದೇಶವಿಲ್ಲದೆ ಆದ ಒಳಿತಿನ ಪುಣ್ಯವೂ ನನಗೆ ಬರಬೇಕಲ್ಲ? ಐಬಿಎಂ ಕಂಪನಿಗೆ ಆ ಸಂಗೀತದ ಪುಣ್ಯ ಸಲ್ಲುತ್ತದೆಯೇ? ಸಲ್ಲುವುದಿಲ್ಲ ಎಂದೇ ನನಗನಿಸುತ್ತದೆ. 1401 ಇದ್ದ ಎಲ್ಲ ಊರಿನಲ್ಲೂ ಅದೇ ಅಲೆ ಸೋರುತ್ತಿತ್ತು. ಐಸ್‌ಲ್ಯಾಂಡಿನಲ್ಲಿ ಒಬ್ಬ ಕಿವಿಗೊಟ್ಟ. ಸೋರಿಕೆ ಸಂಗೀತವಾದದ್ದು ಆ ಕಿವಿಗೊಡುವಿಕೆಯಿಂದ. ಪ್ರಮಾದಕ್ಕೆ ಎದುರು ಪದ ಸದುದ್ದೇಶ ಅಲ್ಲ, ಅಪ್ರಮಾದ. ಒಳ್ಳೆಯ ಮನಸ್ಸಿನವನೂ ಎಚ್ಚರಗೇಡಿಯಾಗಿರಬಹುದು, ನನ್ನ ಗ್ರಾಹಕರಲ್ಲಿ ಮುಕ್ಕಾಲುಪಾಲು ಹಾಗೆಯೇ. ಗುನ್ನಾರ್ಸನ್ನನಿಗೆ ಮೊದಲು ಇದ್ದದ್ದು ಉದ್ದೇಶವಲ್ಲ, ಗಮನ. ಉದ್ದೇಶ ಆಮೇಲೆ ಬಂತು.

ಒಮ್ಮೆ ಗಮನಿಸಿದ ಮೇಲೆ ಗಮನಿಸದವರ ಸಾಲಿಗೆ ತಿರುಗಿ ಹೋಗಲು ಬರುವುದಿಲ್ಲ. ಹುಡುಗ ಈಗ ವೈರು ಕಿತ್ತಿಟ್ಟು ಮತ್ತೆ ಪಂಪಿಗೆ ಬೋರ್ಡು ಹಾಕಿದ್ದಾನೆ. ಎಫ್‌ಸಿಸಿ ಪ್ರಕಾರ ಅದು ಪುನಃ ಎರಡನೇ ಪಾಲು. ಆದರೆ ಅವನಿಗೆ ಈಗ ಗೊತ್ತಿದೆ. ಗೊತ್ತಿರದ ಕಾಲದ ಸೋರಿಕೆಯೂ ಗೊತ್ತಾದ ಮೇಲಿನ ಸೋರಿಕೆಯೂ ಮೈಕ್ರೋವೋಲ್ಟಿನಲ್ಲಿ ಒಂದೇ ಇದ್ದರೂ ಕರ್ಮದಲ್ಲಿ ಒಂದೇ ಎಂದು ನನಗೆ ಅನಿಸುವುದಿಲ್ಲ. 2023ರಲ್ಲಿ ಯುರೋಪಿನ ಲೋಫಾರ್ ದೂರದರ್ಶಕದವರು ಸ್ಟಾರ್‌ಲಿಂಕ್ ಉಪಗ್ರಹಗಳ ಒಳಗಿನ ಎಲೆಕ್ಟ್ರಾನಿಕ್ಸಿನಿಂದ, ಅವು ಪ್ರಸಾರಕ್ಕೆ ಬಳಸದ 110ರಿಂದ 188 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಅಲೆ ಸೋರುತ್ತಿರುವುದನ್ನು ಹಿಡಿದು ಪ್ರಕಟಿಸಿದರು. ಅಲ್ಲಿಯವರೆಗೆ ಅದು ಅಜ್ಞಾನ. ಪ್ರಕಟವಾದ ಮರುದಿನದಿಂದ ಹಾರಿಸಿದ ಪ್ರತಿ ಉಪಗ್ರಹದ ಲೆಕ್ಕ ಬೇರೆ.

ನಡುವೆ ಒಂದು ಮಾತು. ಅಮೆರಿಕಕ್ಕೆ ಹೋಗುವ ಸಾಮಾನಿನ ಬೆನ್ನಿಗೆ ಸಣ್ಣ ಅಕ್ಷರದ ಒಂದು ಚೀಟಿ ಇರುತ್ತದೆ, ನಮ್ಮ ಮನೆಗಳಲ್ಲೂ ಬೇಕಾದಷ್ಟಿವೆ. ಅದರಲ್ಲಿ ಎರಡು ಷರತ್ತು. ಈ ಸಾಮಾನು ಇತರರಿಗೆ ಹಾನಿಕರ ಅಡಚಣೆ ಮಾಡಕೂಡದು. ಇತರರಿಂದ ಬರುವ ಅಡಚಣೆಯನ್ನು, ತನ್ನ ಕೆಲಸ ಕೆಟ್ಟರೂ, ಸಹಿಸಿಕೊಳ್ಳಬೇಕು. ಮೊದಲನೆಯದು ಅಹಿಂಸೆ, ಎರಡನೆಯದು ಪರೀಷಹ. ಮುನಿಗಳು ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳಿಗೆ ರೇಡಿಯೋ ಅಡಚಣೆಯನ್ನು ಇಪ್ಪತ್ಮೂರನೆಯದಾಗಿ ಸೇರಿಸಬಹುದು ಎಂದು ಊರಿನ ಭಟ್ಟಾರಕರ ಮಠದ ಪಂಡಿತರೊಬ್ಬರಿಗೆ ಹೇಳಿದೆ. ಅವರು ನಗಲಿಲ್ಲ.

ಈಗ ನನ್ನ ಮೇಜಿನ ಮೇಲೆಯೇ ಇರುವ ತಕರಾರಿಗೆ ಬರುತ್ತೇನೆ. ಅದಕ್ಕೆ ಸ್ಪ್ರೆಡ್ ಸ್ಪೆಕ್ಟ್ರಮ್ ಕ್ಲಾಕ್ ಎನ್ನುತ್ತಾರೆ. ಕ್ಲಾಕ್ ಒಂದೇ ಸಮನೆ ಬಡಿದರೆ ಸೋರುವ ಶಕ್ತಿಯೆಲ್ಲ ಕೆಲವೇ ಸೂಜಿಮೊನೆಗಳಲ್ಲಿ ಕೂಡಿಕೊಂಡು ನನ್ನ ಪರದೆಯ ಮೇಲೆ ಮಿತಿಯ ಗೆರೆ ದಾಟಿ ನಿಲ್ಲುತ್ತದೆ. ಅದೇ ಕ್ಲಾಕನ್ನು ಅತ್ತಿತ್ತ ಒಂದಿಷ್ಟು ತೂಗಾಡಿಸಿದರೆ ಅದೇ ಶಕ್ತಿ ಅಗಲಕ್ಕೆ ಹರಡಿಕೊಳ್ಳುತ್ತದೆ. 30 ಮೆಗಾಹರ್ಟ್ಸ್ ಮೇಲೆ ನನ್ನ ರಿಸೀವರ್ ಒಂದು ಸಲಕ್ಕೆ ನೋಡುವುದು 120 ಕಿಲೋಹರ್ಟ್ಸ್ ಅಗಲದ ಕಿಂಡಿಯಿಂದ. ಕಿಂಡಿಗಿಂತ ಅಗಲಕ್ಕೆ ಹರಡಿದ್ದು ಅದಕ್ಕೆ ಪೂರ್ತಿ ಕಾಣುವುದಿಲ್ಲ. ಸೂಜಿಮೊನೆ ತಗ್ಗುತ್ತದೆ, ಬೋರ್ಡು ಪಾಸಾಗುತ್ತದೆ. ಹೊರಗೆ ಹೋದ ಒಟ್ಟು ಶಕ್ತಿ ಒಂದು ಕಾಳಿನಷ್ಟೂ ಕಡಿಮೆಯಾಗಿರುವುದಿಲ್ಲ.

ಇದು ಕಾನೂನಿಗೆ ವಿರುದ್ಧವಲ್ಲ. ಎಲ್ಲರೂ ಮಾಡುತ್ತಾರೆ; ನಿಮ್ಮ ಲ್ಯಾಪ್‌ಟಾಪಿನಲ್ಲೂ ಇದ್ದೀತು. ನನಗೆ ಮೊದಲಿನಿಂದ ಇದು ಸರಿಬರುವುದಿಲ್ಲ. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಮಾಯೆ ಎಂದರೆ ನಮ್ಮಲ್ಲಿ ಕಪಟ. ಜಗತ್ತು ಮಿಥ್ಯೆ ಎನ್ನುವ ಮಾಯೆ ಬೇರೆಯವರದು. ಗ್ರೌಂಡ್ ಸೀಳಿದವನದು ಪ್ರಮಾದ, ತಿದ್ದಬಹುದು. ಕ್ಲಾಕ್ ತೂಗಾಡಿಸಿದವನಿಗೆ ಎಲ್ಲವೂ ಗೊತ್ತು. ಅವನ ಎಚ್ಚರವೆಲ್ಲ ನನ್ನ ರಿಸೀವರಿನ ಕಿಂಡಿಯ ಮೇಲಿದೆ, ಕೇಳುವವರ ಮೇಲಿಲ್ಲ.

ನನ್ನ ಸಹೋದ್ಯೋಗಿ ಒಪ್ಪುವುದಿಲ್ಲ. ಅವನ ವಾದ ಸುಮ್ಮನೆ ತಳ್ಳಿಹಾಕುವಂಥದಲ್ಲ. ಎಫ್ಎಂ ಕೇಳುವವನಿಗೂ ಪೈಲಟ್ಟಿಗೂ ಇರುವ ರೇಡಿಯೋ ಕೂಡ ಇಂಥದೇ ಕಿರಿದಾದ ಕಿಂಡಿಯಿಂದ ಕೇಳುತ್ತದೆ, ಸೂಜಿಮೊನೆ ತಗ್ಗಿದರೆ ಅವರಿಗೆ ನಿಜವಾಗಿಯೂ ತೊಂದರೆ ತಗ್ಗುತ್ತದೆ, ಮಿತಿ ಹಾಕಿದವರ ಆಶಯವೂ ಅದೇ ಅಲ್ಲವೇ ಎನ್ನುತ್ತಾನೆ. ಹೌದು. ಆದರೆ ಗೌರಿಬಿದನೂರಿನಂಥ ಕಡೆ ಕೇಳುವವರು ಅಗಲವಾದ ಪಟ್ಟಿಯನ್ನು ಗಂಟೆಗಟ್ಟಲೆ ಕೂಡಿಸಿಕೊಂಡು ಕೇಳುತ್ತಾರೆ. ಅವರ ಪಾಲಿಗೆ ಹರಡಿದ್ದು ಹೆಚ್ಚು ಕಷ್ಟ, ಯಾಕೆಂದರೆ ಸೂಜಿಮೊನೆಯನ್ನು ಗುರುತಿಸಿ ಕತ್ತರಿಸಿ ಎಸೆಯಬಹುದು, ಹರಡಿದ ಮಂಜನ್ನು ಎಸೆಯಲಾಗದು. ಒಬ್ಬರಿಗೆ ಎಚ್ಚರವಾದದ್ದು ಇನ್ನೊಬ್ಬರಿಗೆ ಪ್ರಮಾದ. ಈ ಗಂಟನ್ನು ಪೂಜ್ಯಪಾದರಲ್ಲಿ ಹುಡುಕಿದರೆ ಸಿಗಲಿಲ್ಲ. ಅವರ ಮುನಿಗೆ ಕಾಲಡಿಯ ನೆಲವಾದರೂ ಒಂದೇ ಇತ್ತು.

ಹಾಗಾಗಿ ನಾನು ಮಾಡುವುದು ಇಷ್ಟು: ವರದಿಯ ಷರಾ ಕಾಲಂನಲ್ಲಿ, ಪರೀಕ್ಷೆಯ ವೇಳೆ ಸ್ಪ್ರೆಡ್ ಚಾಲೂ ಇತ್ತು ಎಂದು ಒಂದು ಸಾಲು ಬರೆಯುತ್ತೇನೆ. ಬರೆಯದಿದ್ದರೆ ನಿಯಮ ಮುರಿದಂತೇನೂ ಅಲ್ಲ. ಸಹಿ ಮಾಡುತ್ತೇನೆ. ಆ ಸಾಲನ್ನು ಸಾಧಾರಣವಾಗಿ ಯಾರೂ ಓದುವುದಿಲ್ಲ. ಈಚೆಗೆ ಒಬ್ಬ ಗ್ರಾಹಕ ಓದಿ ಫೋನು ಮಾಡಿದ.

“ಮೇಡಂ, ಈ ಸ್ಪ್ರೆಡ್ ಆಫ್ ಮಾಡಿದ್ರೆ ಎಷ್ಟು ಬರ್ತಿತ್ತು?”

ಅಳೆದೇ ಇಟ್ಟಿದ್ದೆ. ಮಿತಿಗಿಂತ ಏಳು ಡೆಸಿಬೆಲ್ ಮೇಲೆ ಎಂದೆ. ಬೋರ್ಡಿನಲ್ಲಿ ಎಲ್ಲಿ ಸೋರುತ್ತಿದೆ, ಏನು ಮಾಡಿದರೆ ನಿಲ್ಲುತ್ತದೆ, ಅದಕ್ಕೆ ಎಷ್ಟು ಖರ್ಚು ಎಂದೂ ಹೇಳಿದೆ. ಆ ಕಡೆ ಅವನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದದ್ದು ಕೇಳಿಸುತ್ತಿತ್ತು.

“ಸರಿ ಮೇಡಂ, ಥ್ಯಾಂಕ್ಸ್. ಹಾಗಾದ್ರೆ ಆನೇ ಇರ್ಲಿ.”